ಮಿತವ್ಯಯದ ಪ್ರವಾಸ

ರಜೆ ಎರಡೇ ದಿನ, ಕೈಯಲ್ಲಿರುವ ಹಣ ಅಲ್ಪ. ಆದರೂ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ನಾಲ್ಕನ್ನೂ ‘ಮುಗಿಸಿಬಿಡಬೇಕು’ ಎಂದು ತರುಣ ಮಿತ್ರರೊಬ್ಬರು ಪಟ್ಟಿ ಹಿಡಿದು ನನ್ನಲ್ಲಿಗೆ ಬಂದರು. ಊರುಗಳೇನು ಪರೀಕ್ಷೆಗೆ ಮುಗಿಸಬೇಕಾದ ಪಾಠಗಳೇ?

ಬಸ್ಸಿನ ಖರ್ಚು ಅಷ್ಟೇನೂ ದೊಡ್ಡದಲ್ಲ. 2023ರ ಜೂನ್‌ನಿಂದ ನಮ್ಮ ರಾಜ್ಯದ ಮಹಿಳೆಯರಿಗಂತೂ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹಣವೇ ಬೇಡವಾಗಿದೆ. ದುಬಾರಿಯಾಗಿರುವುದು ಹೊತ್ತು. ನಾಲ್ಕೂರು ಓಡುವವನ ಹೊತ್ತೆಲ್ಲ ಬಸ್ ನಿಲ್ದಾಣಗಳಿಗೇ ಸಂದಾಯವಾಗುತ್ತದೆ.

ಆದುದರಿಂದ ಎರಡೇ ಊರು ಸಾಕು ಎಂದೆ. ಮೊದಲ ದಿನ ಕಿತ್ತೂರು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಮಡಿದದ್ದು ಇಲ್ಲಿಯೇ. ಹಾಳುಬಿದ್ದ ಅರಮನೆಯನ್ನೂ ವಸ್ತುಸಂಗ್ರಹಾಲಯವನ್ನೂ ನೋಡಿ ಬಹುಮಂದಿ ಹಿಂದಿರುಗುತ್ತಾರೆ. ವಿದ್ಯಾರ್ಥಿದೆಸೆಯಲ್ಲಿ ನಾನೂ ಹಾಗೆಯೇ ಹಿಂದಿರುಗಿದವನು. ಮುಂದೆ ಅನೇಕ ವರ್ಷ ತರಗತಿಯಲ್ಲಿ ಗೆಲುವಿನ ಅರ್ಧ ಕಥೆಯನ್ನೇ ಹೇಳಿದೆ.

ಉಳಿದರ್ಧ ಬೈಲಹೊಂಗಲದಲ್ಲಿದೆ. ಅದೇ ಡಿಸೆಂಬರಿನಲ್ಲಿ ಕಿತ್ತೂರು ಕೋಟೆ ಬಿದ್ದಿತು. ಸೆರೆಯಾದ ಚೆನ್ನಮ್ಮರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ಕಣ್ಣುಮುಚ್ಚಿದಳು. ಆಕೆಯ ಸಮಾಧಿ ಆ ಊರಲ್ಲಿಯೇ ಇದೆ. ಎರಡನೆಯ ದಿನವನ್ನು ಅದಕ್ಕಾಗಿ ಮೀಸಲಿಡಬೇಕು. ಅಲ್ಲಿ ಒಂದು ಗಳಿಗೆ ಸುಮ್ಮನೆ ಕೂರಬೇಕು. ಅದಕ್ಕೆ ಕಾಸಿನ ಖರ್ಚಿಲ್ಲ.

ಗೆದ್ದ ನೆಲವನ್ನು ಮಾತ್ರ ನೋಡಿ ಬಂದವನಿಗೆ ಆ ಗೆಲುವಿನ ಬೆಲೆ ತಿಳಿಯದು. ಸವದತ್ತಿಯ ಯಲ್ಲಮ್ಮನ ಗುಡ್ಡವೂ ರಾಮದುರ್ಗವೂ ಎಲ್ಲಿಗೂ ಹೋಗವು. ಮುಂದಿನ ರಜೆಯವರೆಗೆ ಕಾದಾವು.