ದೋಣಿ ಕೊಳ್ಳುವ ಮುಂಚೆ ದಡ ನೋಡಿ

ರಾಯದುರ್ಗ ಸೀಮೆಯ ಒಣಬೇಸಾಯದ ರೈತನೊಬ್ಬ ಕಡಲ ದೋಣಿಯ ವಿಷಯ ಬರೀತಾನೆ ಅಂದ್ರೆ ಓದುಗರು ನಗಬಹುದು. ನಗಲಿ. ನಮ್ಮ ವೇದಾವತಿ ಹಗರಿಯಲ್ಲಿ ವರ್ಷದ ಬಹುಪಾಲು ದಿನ ನೀರಿಗಿಂತ ಮರಳೇ ಹೆಚ್ಚು. ದೋಣಿ ಅಂದರೆ ನಮಗೆ ಗೊತ್ತಿದ್ದದ್ದು ತುಂಗಭದ್ರೆಯ ಹರಿಗೋಲು ಒಂದೇ. ಆದರೆ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ ಶೇಂಗಾ ದುಡ್ಡನ್ನು ಉಪ್ಪುನೀರಿಗೆ ಸುರಿದು ಒಂದು ಪಾಠ ಕಲಿತಿದ್ದೇನೆ. ಅದನ್ನು ನಾಲ್ಕು ಜನಕ್ಕೆ ಹೇಳುವ ಹಕ್ಕು ನನಗೆ ಇದೆ ಅಂದುಕೊಂಡಿದ್ದೇನೆ.

ನನ್ನ ಅಕ್ಕನ ಮಗ, ಈಗ ನನ್ನ ಮಗಳ ಗಂಡನೂ ಹೌದು, 2002ರ ಬರಗಾಲದಲ್ಲಿ ಊರು ಬಿಟ್ಟ. ಮಂಗಳೂರಿನ ಧಕ್ಕೆಯಲ್ಲಿ ಮಂಜುಗಡ್ಡೆ ಹೊರುವ ಕೂಲಿಯಿಂದ ಶುರು ಮಾಡಿ, ಬೋಟಿನಲ್ಲಿ ಬಲೆ ಎಳೆಯುವ ಕಲಾಸಿಯಾಗಿ, ಕೊನೆಗೆ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆ ಬಾಡಿಗೆ ಮನೆ ಮಾಡಿದ. ಮನೆಯಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತವೆ, ಬೀದಿಯಲ್ಲಿ ತುಳು ಮಲಯಾಳ. 1953ರಲ್ಲಿ ಆಂಧ್ರಕ್ಕೆ ಸೇರಿದ ನಮ್ಮ ತಾಲ್ಲೂಕಿನ ಹುಡುಗ, 1956ರಲ್ಲಿ ಕೇರಳಕ್ಕೆ ಸೇರಿದ ತಾಲ್ಲೂಕಿನಲ್ಲಿ ಬದುಕು ಕಟ್ಟಿಕೊಂಡ. ಒಂದು ಗಡಿಯಿಂದ ಇನ್ನೊಂದು ಗಡಿಗೆ ಹೋದ, ಅಷ್ಟೆ.

2018ರಲ್ಲಿ ಅವನೂ ಅಲ್ಲಿಯ ಇಬ್ಬರು ಗೆಳೆಯರೂ ಸೇರಿ ಒಂದು ಹಳೆಯ ಫೈಬರ್ ದೋಣಿ, ಒಂದು ಔಟ್‌ಬೋರ್ಡ್ ಎಂಜಿನ್ ಕೊಳ್ಳಲು ಹೊರಟರು. ಅಳಿಯನ ಪಾಲಿನ ಹಣ ನನ್ನದು. ಹಿರಿಯ ಅಂತ ನಾನೂ ಹೋದೆ. ದೋಣಿ ಚೆನ್ನಾಗಿತ್ತು. ಅದನ್ನು ಎಲ್ಲಿ ಇಡೋದು ಅನ್ನೋದು ಮಾತ್ರ ಯಾರೂ ತೀರ್ಮಾನ ಮಾಡಿರಲಿಲ್ಲ. ಹಟ್ಟಿ ಹಾಕದೆ ಎತ್ತು ತಂದ ಹಾಗೆ ಆಯಿತು.

ಮುಂದೆ ಮೂರು ಜಾಗ ಇದ್ದವು. ಒಂದು, ಬಯಲು ಮರಳು ದಂಡೆ. ಎರಡು, ಅಳಿವೆಯ ಒಳಗೆ ಹೊಳೆಯ ಪಕ್ಕ ಒಂದು ತೆಂಗಿನ ತೋಟದ ಕಲ್ಲಿನ ಕಟ್ಟೆ. ಮೂರು, ಒಂದಷ್ಟು ದೂರದ ಸರಕಾರಿ ಧಕ್ಕೆ. ನಾನು ಎರಡನೆಯದನ್ನು ನೋಡಿದ್ದು ಅಮಾವಾಸ್ಯೆ ಕಳೆದ ಮೂರನೇ ದಿನ, ಮಧ್ಯಾಹ್ನ ಒಂದು ಗಂಟೆಗೆ. ನೀರು ಕೆರೆ ಕೋಡಿ ಬಿದ್ದ ಹಾಗೆ ಕಟ್ಟೆಯ ತುದಿ ಮುಟ್ಟುತ್ತಿತ್ತು. ಗಾಳಿ ಇಲ್ಲ, ಅಲೆ ಇಲ್ಲ, ತೆಂಗಿನ ನೆರಳು ಬೇರೆ. ಮನೆಗೂ ಹತ್ತಿರ. "ಇನ್ನೇನು ಬೇಕಪ್ಪ, ಇಲ್ಲೇ ಕಟ್ಟು" ಅಂದೆ. ಆ ದಿನ ಗೆಳೆಯರಿಬ್ಬರೂ ಬೇರೆ ಬೋಟಿನಲ್ಲಿ ಕಡಲಿಗೆ ಹೋಗಿದ್ದರು. ತೆಂಗಿನಕಾಯಿ ಒಡೆದು, ನಾನೇ ಕೈಯಾರೆ ಹಿಂದೊಂದು ಮುಂದೊಂದು ಹಗ್ಗ ಬಿಗಿದು ಕಟ್ಟಿದೆ. ಅಳಿಯ ಮೆಲ್ಲಗೆ, "ಮಾವಾ, ಹಗ್ಗ ಸ್ವಲ್ಪ ಸಡಿಲ ಬಿಡಾನ" ಅಂದ. "ಎತ್ತು ಬಿಚ್ಚಿಕೊಂಡು ಹೋದ್ರೆ ಹುಡುಕಬೌದು, ದೋಣಿ ಹೋದ್ರೆ ಎಲ್ಲಿ ಹುಡುಕ್ತೀಯ?" ಅಂತ ಗದರಿದೆ. ಸುಮ್ಮನಾದ. ಹೆಣ್ಣು ಕೊಟ್ಟ ಮಾವ, ದುಡ್ಡು ಕೊಟ್ಟ ಮಾವ. ಅವನು ಇನ್ನೇನು ಮಾತಾಡ್ತಾನೆ?

ಸಂಜೆ ಏಳೂವರೆ ಹೊತ್ತಿಗೆ ನೀರು ನಾಲ್ಕಡಿ ಇಳಿದಿತ್ತು. ಕತ್ತಲಲ್ಲಿ ಯಾರೂ ನೋಡಲಿಲ್ಲ. ದೋಣಿಯ ಒಂದು ಅಂಚು ನನ್ನ ಗಿಡ್ಡ ಹಗ್ಗಕ್ಕೆ ನೇತುಬಿತ್ತು, ಇನ್ನೊಂದು ಅಂಚು ಕೆಸರಿಗೆ ವಾಲಿತು. ನಡುರಾತ್ರಿ ನೀರು ಮತ್ತೆ ಏರಿದಾಗ, ದೋಣಿ ತೇಲುವ ಮುಂಚೆಯೇ ವಾಲಿದ ಕಡೆಯಿಂದ ಒಳಗೆ ತುಂಬಿತು. ಬೆಳಗ್ಗೆ ಅಳಿಯ ಓಡಿ ಬಂದು, "ಮಾವಾ, ದೋಣಿ ಮುಳುಗೈತೆ" ಅಂದಾಗ ನನ್ನ ಎದೆಯೂ ಮುಳುಗಿತು. ದೋಣಿ ಎತ್ತಿದೆವು. ರಾತ್ರಿಯಿಡೀ ಉಪ್ಪುನೀರು ಕುಡಿದ ಎಂಜಿನ್ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

ಆ ಊರಿನ ಹಿರಿಯ ಮೊಗವೀರರೊಬ್ಬರು ಬಂದು ನೋಡಿದರು. ಬೈಯಲಿಲ್ಲ. "ನೀವು ಎತ್ತು ಕಟ್ಟಿದ ಹಾಗೆ ಕಟ್ಟಿದ್ದೀರಿ ಮಾರಾಯ್ರೆ. ಎತ್ತು ನಿಂತ ನೆಲ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದೋಣಿ ನಿಂತ ನೆಲ ದಿನಕ್ಕೆ ಎರಡು ಸಲ ಏರ್ತದೆ, ಎರಡು ಸಲ ಇಳೀತದೆ" ಅಂದರು. ಮುಂದಿನ ಎರಡು ದಿನ ಅವರ ಹಿಂದೆಯೇ ಸುತ್ತಿದೆ. ಅವರಿಂದ ತಿಳಿದದ್ದನ್ನೂ ಆಮೇಲೆ ಓದಿ ಕೇಳಿ ತಿಳಿದದ್ದನ್ನೂ ಇಲ್ಲಿ ಹೇಳುತ್ತೇನೆ.

ತೆಲುಗಿನಲ್ಲಿ ಆಟು ಪೋಟು ಅಂತೀವಿ, ಕರಾವಳಿ ಕನ್ನಡದಲ್ಲಿ ಭರತ ಇಳಿತ. ಕವಿತೆಯಲ್ಲಿ ಎಷ್ಟೋ ಸಲ ಈ ಮಾತುಗಳನ್ನು ಸುಖದುಃಖಕ್ಕೆ ಬಳಸಿದ್ದೇನೆ. ಕಣ್ಣಾರೆ ನೋಡಿದ್ದು ಮಾತ್ರ ಐವತ್ತು ಸಮೀಪಿಸಿದಾಗ. ಈ ಏರಿಳಿತ ಎಲ್ಲ ಕಡೆ ಒಂದೇ ಅಲ್ಲ. ಮಂಗಳೂರು ಕಾಸರಗೋಡು ಕಡೆ ಸುಮಾರು ನಾಲ್ಕೈದು ಅಡಿ. ಗುಜರಾತಿನ ಖಂಭಾತ ಕೊಲ್ಲಿಯ ಭಾವನಗರದಲ್ಲಿ ಮೂವತ್ತು ಅಡಿಗೂ ಮಿಕ್ಕಿ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡ. ಹಾಗಾಗಿ ಇವತ್ತು ಮಧ್ಯಾಹ್ನ ಕಂಡ ನೀರು ಮುಂದಿನ ವಾರ ಅದೇ ಹೊತ್ತಿಗೆ ಕಾಣುವುದಿಲ್ಲ. ನಾನು ಮಾಡಿದ ಮೊದಲ ತಪ್ಪೇ ಇದು: ಜಾಗವನ್ನು ಭರತದಲ್ಲಿ ನೋಡಿದೆ. ದೋಣಿಯ ಜಾಗವನ್ನು ಅಮಾವಾಸ್ಯೆಯ ಇಳಿತದಲ್ಲಿ ನೋಡಬೇಕು. ಆಗ ಎಷ್ಟು ನೀರು ಉಳಿಯುತ್ತದೆ, ಅಡಿಯಲ್ಲಿ ಕೆಸರೋ ಮರಳೋ ಕಲ್ಲೋ, ಎಲ್ಲವೂ ಬೆತ್ತಲೆಯಾಗಿ ಕಾಣುತ್ತದೆ. ಹೊಲ ಕೊಳ್ಳುವವನು ಮಳೆಗಾಲದ ಹಸಿರು ನೋಡಿ ಕೊಳ್ಳುತ್ತಾನೆಯೇ? ಬೇಸಿಗೆಯಲ್ಲಿ ಹೋಗಿ ಬಾವಿ ಇಣುಕುತ್ತಾನೆ. ಇದೂ ಹಾಗೇ.

ಎರಡನೆಯದು ಅಳಿವೆಯ ಬಾಯಿ. ನಮ್ಮ ತೆಲುಗಿನ ಬೆಸ್ತರು ಇದನ್ನು ಮೊಗ ಅಂತಾರೆ. ಹೊಳೆ ಮರಳು ತರುತ್ತದೆ, ಕಡಲು ಅದನ್ನು ಹಿಂದಕ್ಕೆ ದಬ್ಬುತ್ತದೆ, ನಡುವೆ ದಿಬ್ಬ ಬೆಳೆಯುತ್ತದೆ. ಮಳೆಗಾಲದ ನೆರೆ ಬಾಯಿ ತೆರೆಯುತ್ತದೆ, ಮಳೆ ನಿಂತ ಮೇಲೆ ಮರಳು ಮತ್ತೆ ಕಟ್ಟುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆ ನೀರು ರಭಸವಾಗಿ ಹೊರಗೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ ದಿಬ್ಬದ ಮೇಲೆ ಅಲೆ ಮುರಿದು ನಿಲ್ಲುತ್ತದೆ. ದೋಣಿಗಳು ಮಗುಚುವುದು ಅಲ್ಲಿ, ನಡುಗಡಲಿನಲ್ಲಿ ಅಲ್ಲ. ಹಾಗಾಗಿ ಒಳಗೆ ಎಷ್ಟು ಸುಖವಾದ ಜಾಗ ಇದ್ದರೂ, ಮೀನು ತುಂಬಿಕೊಂಡು ಬಂದವನು ಬಾಗಿಲಲ್ಲಿ ಭರತಕ್ಕೆ ಕಾಯಬೇಕಾಗುತ್ತದೆ. ನೇತ್ರಾವತಿ ಗುರುಪುರ ಎರಡೂ ಹೊಳೆ ಒಂದೇ ಅಳಿವೆಗೆ ಬಂದು ಬೀಳುವ ಮಂಗಳೂರಿನಲ್ಲಿ ಈ ಹೂಳಿನ ಕಾಟ ಬಹಳ ಹಳೆಯದು. ದೊಡ್ಡ ಹಡಗುಗಳಿಗಾಗಿ ಪಣಂಬೂರಿನಲ್ಲಿ ನೆಲ ಅಗೆದೇ ಹೊಸ ಬಂದರು ಮಾಡಿ 1975ರಲ್ಲಿ ಉದ್ಘಾಟಿಸಿದರು. ಕಾಕಿನಾಡದಲ್ಲಿ ಆ ಕಷ್ಟಕ್ಕೆ ಪ್ರಕೃತಿಯೇ ದಾರಿ ಮಾಡಿದೆ. ಗೋದಾವರಿಯ ಮರಳು ಉದ್ದಕ್ಕೆ ಬೆಳೆದು ಹೋಪ್ ಐಲ್ಯಾಂಡ್ ಆಗಿ, ಊರಿಗೆ ಅಡ್ಡ ನಿಂತು ಅಲೆ ತಡೆಯುತ್ತಿದೆ. ಮಂಗಳೂರಿನಲ್ಲಿ ದಾರಿ ಮುಚ್ಚುವುದೂ ಮರಳೇ, ಕಾಕಿನಾಡದಲ್ಲಿ ಗೋಡೆಯಾಗಿ ಕಾಯುವುದೂ ಮರಳೇ.

ಮೂರನೆಯದು ಬಯಲು ದಂಡೆ. ಮೇಲಕ್ಕೆ ಎಳೆದಿಟ್ಟರೆ ಆಯಿತಲ್ಲ, ಅಳಿವೆಯ ಗೊಡವೆ ಯಾಕೆ ಅಂತ ಕೇಳಬಹುದು. ನಾನೂ ಕೇಳಿದೆ. ಸಣ್ಣ ದೋಣಿಗೆ, ಎಳೆಯಲು ಹತ್ತು ಕೈ ಇದ್ದರೆ ಅದೂ ಸರಿಯೇ. ಆದರೆ ಕೇರಳದವರು ಕಳ್ಳಕ್ಕಡಲ್ ಅನ್ನುವುದು ಒಂದಿದೆ. ಕಳ್ಳ ಕಡಲು. ನಮಗೆ ಅನುವಾದವೇ ಬೇಕಿಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಮೈಲಿ ನಡೆದು ಬಂದು, ಇಲ್ಲಿ ಎಲೆ ಅಲ್ಲಾಡದ ದಿನ ದಂಡೆಗೆ ನುಗ್ಗುತ್ತವೆ. ಹೆಚ್ಚಾಗಿ ಮುಂಗಾರಿನ ಮುಂಚಿನ ಏಪ್ರಿಲ್ ಮೇ ತಿಂಗಳಲ್ಲಿ. 2012ರಲ್ಲಿ ಯುನೆಸ್ಕೊ ಕೂಡ ಈ ಬೆಸ್ತರ ಮಾತನ್ನೇ ಶಾಸ್ತ್ರದ ಹೆಸರಾಗಿ ಒಪ್ಪಿತು. ಭರತದ ಹೊತ್ತಿಗೇ ಅದು ಬಂದರೆ ಸುರಕ್ಷಿತ ಅಂತ ಮೇಲೆ ಎಳೆದಿಟ್ಟ ದೋಣಿಯೂ ಒಂದಕ್ಕೊಂದು ಬಡಿದು ಒಡೆಯುತ್ತದೆ.

ಇನ್ನು ಸರಕಾರಿ ಧಕ್ಕೆ. ನೀರು ಆಳ, ಮಂಜುಗಡ್ಡೆ ಇದೆ, ಹರಾಜು ಇದೆ, ಡೀಸೆಲ್ ಇದೆ. ನಿಜ. ಆದರೆ ಇಪ್ಪತ್ತೆಂಟು ಅಡಿ ದೋಣಿಯನ್ನು ದೊಡ್ಡ ಟ್ರಾಲ್ ಬೋಟುಗಳ ನಡುವೆ ಕಟ್ಟಿದರೆ ಸಂತೆಯಲ್ಲಿ ಲಾರಿಗಳ ನಡುವೆ ಸೈಕಲ್ ನಿಲ್ಲಿಸಿದ ಹಾಗೆ. ನಾವು ಹೋಗಿ ನೋಡಿದ ಒಂದು ಧಕ್ಕೆಯಲ್ಲಿ ಕಟ್ಟೆ ಎಷ್ಟು ಎತ್ತರ ಅಂದ್ರೆ, ಇಳಿತದಲ್ಲಿ ಸಣ್ಣ ದೋಣಿಯವನು ಮೀನಿನ ಬುಟ್ಟಿ ತಲೆಗಿಂತ ಮೇಲಕ್ಕೆ ಎತ್ತಿ ಕೊಡಬೇಕು. ಕಟ್ಟಿದವರು ದೊಡ್ಡ ಬೋಟನ್ನು ನೋಡಿ ಕಟ್ಟಿದ್ದಾರೆ, ಸಣ್ಣವನ ನೆನಪು ಅವರಿಗೆ ಬಂದಿಲ್ಲ. ನಾಲ್ಕು ಮೆಟ್ಟಿಲು ಇಳಿಸಿದ್ದರೆ, ಇಲ್ಲ ನೀರಿನ ಜೊತೆ ಏರಿ ಇಳಿಯುವ ತೇಲುಕಟ್ಟೆ ಒಂದಿದ್ದರೆ ಸಾಕಿತ್ತು.

ನನ್ನ ವಾದ ಇರುವುದೇ ಇಲ್ಲಿ. ಅಳಿಯನ ದೋಣಿ ಮುಳುಗಿದ್ದು ಕಡಲಿನಿಂದ ಅಲ್ಲ. ನೀರು ತಿಳಿದವನು ಸುಮ್ಮನಿದ್ದ, ದುಡ್ಡು ಕೊಟ್ಟವನು ಜಾಗ ತೀರ್ಮಾನಿಸಿದ. ಅದಕ್ಕೆ ಮುಳುಗಿತು. ಕರಾವಳಿಯುದ್ದಕ್ಕೂ ಬಹಳ ಕಡೆ ನಡೆಯುತ್ತಿರುವುದೂ ಇದೇ. ಹಣ ಮಂಜೂರು ಮಾಡುವವರು ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ, ಅಳಿವೆಯ ಎರಡು ಕಡೆ ಕಲ್ಲಿನ ತಡೆಗೋಡೆ ಏಳುತ್ತದೆ. ದಂಡೆಗುಂಟ ಸಾಗುವ ಮರಳು ಗೋಡೆಯ ಒಂದು ಪಕ್ಕ ಗುಡ್ಡೆ ಬೀಳುತ್ತದೆ, ಇನ್ನೊಂದು ಪಕ್ಕದ ಊರಿನ ನೆಲವನ್ನು ಕಡಲು ತಿನ್ನುತ್ತದೆ. ಉಳ್ಳಾಲದ ಕಡಲ್ಕೊರೆತದ ಸುದ್ದಿ ನಮ್ಮ ಓದುಗರಿಗೆ ಹೊಸದಲ್ಲ. ತಡೆಗೋಡೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಅಳಿವೆಯಲ್ಲಿ ಗಂಡ, ಮಗ ಕಳೆದುಕೊಂಡ ಮನೆಗಳವರಿಗೆ ಗೋಡೆ ಬೇಡ ಅನ್ನುವ ಬಾಯಿ ನನಗಿಲ್ಲ. ಗೋಡೆ ಎಲ್ಲಿ, ಎಷ್ಟು ಉದ್ದ, ಬಾಯಿ ಎಷ್ಟು ಅಗಲ ಅನ್ನುವುದನ್ನು ಇಂಜಿನಿಯರು ಲೆಕ್ಕ ಹಾಕಲಿ. ಹಾಕುವ ಮುಂಚೆ ಅದೇ ಅಳಿವೆಯಲ್ಲಿ ಮೂವತ್ತು ಮಳೆಗಾಲ ಕಂಡವರ ಜೊತೆ ಒಂದು ಇಳಿತ ಒಂದು ಭರತ ಪೂರ್ತಿ ಕೂತು ನೋಡಲಿ ಅಂತೀನಿ. ಅದಕ್ಕೆ ಹಿಡಿಯುವುದು ಹನ್ನೆರಡು ಗಂಟೆ ಹೊತ್ತು, ಅಷ್ಟೆ.

ಇನ್ನೊಂದು ಸಣ್ಣ ಬೇಡಿಕೆ. ಭರತ ಇಳಿತದ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಅಚ್ಚು ಹಾಕುತ್ತದೆ. ಅಲೆಯ ಎಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುತ್ತದೆ. ಮಾಹಿತಿ ಇದೆ. ಅದು ಧಕ್ಕೆಯ ಗೋಡೆಗೆ, ದೋಣಿಯಲ್ಲಿ ದುಡಿಯುವವರ ಭಾಷೆಗೆ ಬರಬೇಕು. ಇವತ್ತು ಈ ಕರಾವಳಿಯ ಬೋಟುಗಳಲ್ಲಿ ತುಳು ಮಲಯಾಳದವರ ಜೊತೆ ನಮ್ಮ ಆಂಧ್ರದವರು, ತಮಿಳಿನವರು, ಒಡಿಶಾದವರು, ಕೊಪ್ಪಳ ಬಳ್ಳಾರಿ ಕಡೆಯವರು ದುಡಿಯುತ್ತಾರೆ. ನಾನು ಕಂಡ ಧಕ್ಕೆಯ ಬೋರ್ಡು ಒಂದೇ ಭಾಷೆಯಲ್ಲಿತ್ತು, ಅದೂ ಬಣ್ಣ ಹೋಗಿತ್ತು. ಭಾಷೆಯ ಜಗಳ ತೆಗೆಯಲು ಹೇಳುತ್ತಿಲ್ಲ, ಪ್ರಾಣದ ಮಾತು ಇದು. ನೀರಿನಲ್ಲಿ ಅಡಿ ಗುರುತು ಹಾಕಿದ ಒಂದು ಕಂಬ, ಪಕ್ಕದಲ್ಲಿ ಆ ದಿನದ ಭರತ ಇಳಿತದ ಗಂಟೆ. ಅಂಕಿಯನ್ನು ಎಲ್ಲರೂ ಓದುತ್ತಾರೆ.

ಗಡಿಯ ಇಕ್ಕಡೆ ಅಕ್ಕಡೆ ದೋಣಿ ಇಡುವವರು ನಿಯಮವನ್ನೂ ನೋಡಿಕೊಳ್ಳಬೇಕು. ಮಳೆಗಾಲದ ಮೀನುಗಾರಿಕೆ ನಿಷೇಧ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ ಜೂನ್ 9ರ ನಡುರಾತ್ರಿಯಿಂದ 52 ದಿನ. ನಮ್ಮ ಆಂಧ್ರದ ಪೂರ್ವ ಕಡಲಿನಲ್ಲಿ ಏಪ್ರಿಲ್ 15ರಿಂದ ಜೂನ್ 14. ದೋಣಿಯ ನೋಂದಣಿ ಯಾವ ರಾಜ್ಯದ್ದು, ಕಟ್ಟುವ ದಡ ಯಾವ ರಾಜ್ಯದ್ದು ಅನ್ನುವುದನ್ನು ಮೊದಲೇ ವಿಚಾರಿಸದಿದ್ದರೆ ನೀರಿಗಿಂತ ಮೊದಲು ಕಾಗದ ಮುಳುಗಿಸುತ್ತದೆ.

ಈಗ ಅಳಿಯನ ದೋಣಿ ಎಲ್ಲಿದೆ ಅಂತ ಕೇಳುವಿರಾ? ಅದೇ ಅಳಿವೆಯ ಒಳಗೇ ಇದೆ. ಕಟ್ಟೆಗೆ ಅಲ್ಲ, ಇಳಿತದಲ್ಲೂ ಸೊಂಟದ ಮೇಲೆ ನೀರು ಉಳಿಯುವ ಕಡೆ, ಹಿಂದೊಂದು ಮುಂದೊಂದು ಲಂಗರು ಬಿಟ್ಟು, ಹಗ್ಗ ಸಾಕಷ್ಟು ಉದ್ದ ಕೊಟ್ಟು ನಿಲ್ಲಿಸುತ್ತಾರೆ. ರಾತ್ರಿ ಎಂಜಿನ್ ಬಿಚ್ಚಿ ಮನೆಗೆ ತರುತ್ತಾರೆ. ಮಳೆಗಾಲದಲ್ಲಿ ನೆರೆಯ ಜೊತೆ ಮರದ ದಿಮ್ಮಿ ತೇಲಿ ಬರುತ್ತವೆ ಅಂತ ಮೇಲಕ್ಕೆ ಎಳೆದು ತೋಟದಲ್ಲಿ ಮಗುಚಿ ಹಾಕುತ್ತಾರೆ. ಜಾಗ ಆರಿಸಿದ್ದು ಅಳಿಯ, ಅವನ ಇಬ್ಬರು ಗೆಳೆಯರು, ಆ ಹಿರಿಯರು. ಎರಡನೆಯ ಎಂಜಿನ್ನಿನ ಸಾಲ ತೀರಿದೆ.

ಕಳೆದ ಸಲ ಹೋದಾಗ ನಾನೂ ದೋಣಿ ಹತ್ತಿದ್ದೆ. ವಾಪಸು ಬಂದು ಲಂಗರು ಬಿಡುವಾಗ ಅಳಿಯ ಮಾತಿಗೆ ಅಂತ, "ಮಾವಾ, ಹಗ್ಗ ನೀವು ಹಿಡೀತೀರಾ?" ಅಂದ. "ನೀನೇ ಹಿಡಿಯಪ್ಪ" ಅಂತ ಹೇಳಿ ಸುಮ್ಮನೆ ಕೂತೆ.