‘ಅನ್‌ಟಿಲ್’ ಮತ್ತು ನಮ್ಮ ‘ವರೆಗೆ’

ಇಂಗ್ಲಿಷಿನ ‘ಅನ್‌ಟಿಲ್’ ಎಂಬ ಅವ್ಯಯವನ್ನು ಬರೆಯುವಾಗ ಕೊನೆಗೆ ಎರಡು ‘ಎಲ್’ ಹಾಕುವವರು ನಮ್ಮಲ್ಲಿ ಬಹಳ ಮಂದಿ. ‘ಟಿಲ್’ ಪದಕ್ಕೆ ಎರಡು, ‘ಅನ್‌ಟಿಲ್’ ಪದಕ್ಕೆ ಒಂದೇ. ಇದು ಇಂದಿನ ರೂಢಿ. ಹಾಗೆಂದು ‘ಟಿಲ್’ ಎಂಬುದು ‘ಅನ್‌ಟಿಲ್’ನ ತುಂಡೆಂದು ಬಗೆಯಲಾಗದು. ಅದೇ ಹಿರಿಯ ಪದ. ಉತ್ತರ ಇಂಗ್ಲೆಂಡಿನ 8ನೆಯ ಶತಮಾನದ ಬರಹದಲ್ಲಿಯೇ ಅದು ಒಂದು ‘ಎಲ್’ನೊಡನೆ ಕಾಣುತ್ತದೆ, ‘ಅನ್‌ಟಿಲ್’ ಬಂದುದು ಸುಮಾರು 1200ರ ಹೊತ್ತಿಗೆ. ಇದರ ‘ಅನ್’ ನಿಷೇಧಾರ್ಥಕವೂ ಅಲ್ಲ. ‘ವರೆಗೆ’ ಎಂಬುದೇ ಅದರ ಅರ್ಥ. ಇಡೀ ಪದವು ‘ವರೆಗೆವರೆಗೆ’ ಎಂದಂತಾಯಿತು! ‘ಗುರಿ’ ಎಂಬರ್ಥದ ಜರ್ಮನ್ ಶಬ್ದ ‘ತ್ಸೀಲ್’ ಇದರ ಬಂಧು.

ಕಾಗುಣಿತದ ತಪ್ಪು ಸಣ್ಣದು. ಅರ್ಥದ ತಪ್ಪು ದೊಡ್ಡದು. ನಾಸಿಕ ಜಿಲ್ಲೆಯ ಸಿನ್ನರಿನಲ್ಲಿ ಬೆಳೆಯುವ ಕನ್ನಡ ಬಾಲಕನು ಬೀದಿಯಲ್ಲಿ ‘ಮೀ ಯೇತ ನಾಹೀ ತೋಪರ್ಯಂತ ಥಾಂಬ’ ಎಂಬ ಮರಾಠಿಯನ್ನು ಕೇಳುತ್ತಾನೆ. ‘ನಾನು ಬರುವುದಿಲ್ಲವೋ ಅಲ್ಲಿಯವರೆಗೆ ನಿಲ್ಲು’ ಎಂದು ಅದರ ಅಕ್ಷರಾರ್ಥ. ಮರಾಠಿಯಲ್ಲಿ ಅದು ಶುದ್ಧವೇ. ಆದರೆ ಅದೇ ‘ನಾಹೀ’ಯನ್ನು ‘ಅನ್‌ಟಿಲ್’ ಜೊತೆಗೆ ಇಂಗ್ಲಿಷಿಗೆ ಸಾಗಿಸಿದರೆ ವಾಕ್ಯ ಕೆಡುತ್ತದೆ. ಮನೆಯಲ್ಲಿ ತಾಯಿ ಹೇಳುವುದಾದರೋ ‘ನಾನು ಬರುವವರೆಗೆ ನಿಲ್ಲು’ ಎಂದು. ಇಲ್ಲಿ ನಿಷೇಧವೇ ಇಲ್ಲ; ಇಂಗ್ಲಿಷಿನ ನಡೆಯೂ ಇದೇ. ‘ಎಲ್ಲಿಯವರೆಗೆ ಬರುವುದಿಲ್ಲವೋ’ ಎಂಬ ಪುಸ್ತಕದ ಸುತ್ತುಬಳಸನ್ನು ಬಿಟ್ಟರೆ ಕನ್ನಡವೇ ಇಲ್ಲಿ ನೇರವಾದ ದಾರಿ.

ಇಂಗ್ಲಿಷು ಬರಬೇಕಾದರೆ ಮನೆಮಾತನ್ನು ಮರೆಯಬೇಕೆಂದು ಮಕ್ಕಳಿಗೆ ಉಪದೇಶಿಸುವವರಿದ್ದಾರೆ. ಆ ಉಪದೇಶ ನನಗೆ ಒಪ್ಪಿಗೆಯಿಲ್ಲ. ಸೇವುಣಚಂದ್ರನು 9ನೆಯ ಶತಮಾನದಲ್ಲಿ ಕಟ್ಟಿಸಿದ ಸೇವುಣಪುರವೇ ಇಂದಿನ ಸಿನ್ನರ್ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆ ವಂಶದ ಅರಸರ ಶಾಸನಗಳು ಕನ್ನಡದಲ್ಲಿಯೂ ಇವೆ, ಮರಾಠಿಯಲ್ಲಿಯೂ ಇವೆ. ಒಂದಕ್ಕಾಗಿ ಇನ್ನೊಂದನ್ನು ಅವರು ಬಿಡಲಿಲ್ಲ.

ಇನ್ನೊಂದು ಮಾತು. ಮರಾಠಿಯ ‘ಪಾಚ ವಾಜೇಪರ್ಯಂತ ಯೇ’ ಎಂಬಲ್ಲಿ ‘ಪರ್ಯಂತ’ವಿದೆಯೆಂದು ಇಂಗ್ಲಿಷಿನಲ್ಲಿ ‘ಅನ್‌ಟಿಲ್’ ಬರೆಯಬಾರದು. ಅಲ್ಲಿ ‘ಬೈ’ ಸಲ್ಲುತ್ತದೆ. ಈ ಭೇದವೂ ಕನ್ನಡದಲ್ಲಿ ಸ್ಪಷ್ಟವಾಗಿದೆ: ಐದು ಗಂಟೆಯವರೆಗೆ ಓದು, ಐದು ಗಂಟೆಯೊಳಗೆ ಬಾ.