ನೋಡಲು ಕಬಡ್ಡಿ, ಆಡಲು ಖೋಖೋ

ಜಾತ್ರೆಗಳ ಕಾಲ ಬಂತೆಂದರೆ ಹಾನಗಲ್ ಸೀಮೆಯ ಊರುಗಳಿಗೆ ಕಬಡ್ಡಿಯೂ ಬರುತ್ತದೆ. ಬಸ್‌ಸ್ಟ್ಯಾಂಡಿನ ಎದುರು ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಎಂಬ ಬ್ಯಾನರ್, ಅದರ ತುಂಬ ಬಹುಮಾನ ಕೊಡುವವರ ಫೋಟೊಗಳು. ಅಕ್ಕಿಆಲೂರು, ತಿಳವಳ್ಳಿ, ಆ ಕಡೆ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ, ಸವಣೂರು, ಈ ಕಡೆ ಹಿರೇಕೆರೂರು, ಎಲ್ಲಿ ಹೋದರೂ ಇದೇ. ಖೋಖೋ ಪಂದ್ಯಾವಳಿಯ ಬ್ಯಾನರನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ಹಾಗಂತ ಖೋಖೋ ಆಡುವವರು ಇಲ್ಲವೆಂದಲ್ಲ. ಶಾಲೆ ಬಿಡುವ ಹೊತ್ತಿಗೆ ಸರ್ಕಾರಿ ಶಾಲೆಯ ಬಯಲಿಗೆ ಹೋದರೆ ಹುಡುಗಿಯರೂ ಹುಡುಗರೂ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಒಬ್ಬರು ಎದ್ದು ಓಡುತ್ತಿರುತ್ತಾರೆ. ಆಡುವವರಿದ್ದಾರೆ, ನೋಡುವವರಿಲ್ಲ.

ಈ ಎರಡರಲ್ಲಿ ಯಾವುದು ಹೆಚ್ಚು ಎಂಬ ವಾದ ನಮ್ಮ ಕಡೆ ಚಹಾದಂಗಡಿಯ ಬೆಂಚುಗಳಲ್ಲಿ ಮೊದಲಿನಿಂದಲೂ ಇದೆ. ನಾನು ಎರಡನ್ನೂ ಪ್ರೀತಿಸುವವನು. ಆದರೆ ನೋಡುವ ಆಟ ಬೇರೆ, ಆಡುವ ಆಟ ಬೇರೆ ಎಂದು ನನಗೆ ಖಚಿತವಾಗಿ ಅನಿಸಿದೆ. ನೋಡಲು ಕಬಡ್ಡಿಯನ್ನು ಮೀರಿಸಿದ್ದಿಲ್ಲ, ಆಡಲು ಖೋಖೋವನ್ನು ಮೀರಿಸಿದ್ದಿಲ್ಲ. ಹಣ, ದೀಪ, ಮೈಕು ಎಲ್ಲ ನೋಡುವವರ ಹಿಂದೆ ಹೋಗುತ್ತವೆ, ಅದನ್ನು ತಡೆಯಲು ಆಗದು. ನಮ್ಮ ಶಾಲೆಗಳೂ ಪಂಚಾಯಿತಿಗಳೂ ಅದೇ ದಾರಿ ಹಿಡಿದರೆ ಮಾತ್ರ ದೊಡ್ಡ ನಷ್ಟ.

ಕಬಡ್ಡಿಯನ್ನು ನೋಡುವ ಸುಖ ಏನೆಂದು ಮೊದಲು ಹೇಳಿಬಿಡುತ್ತೇನೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಇಷ್ಟು ಜಾಗದಲ್ಲಿ ಒಬ್ಬ ಏಳು ಜನರ ಮೇಲೆ ಹೋಗುತ್ತಾನೆ, ಅವನಿಗಿರುವುದು 30 ಸೆಕೆಂಡು. ಹೋದವನು ಮುಟ್ಟಿ ಬರಬೇಕು, ಇದ್ದವರು ಅವನನ್ನು ಹಿಡಿದುಹಾಕಬೇಕು. ನಿಯಮ ಗೊತ್ತಿಲ್ಲದ ಅಜ್ಜಿ ಕೂಡ ಎರಡನೇ ರೈಡಿಗೆ ಯಾರು ಗೆದ್ದರು, ಯಾರು ಸೋತರು ಎಂದು ಹೇಳುತ್ತಾಳೆ. ಎಲ್ಲ ಕಣ್ಣುಗಳೂ ಒಂದೇ ಕಡೆ ಇರುತ್ತವೆ. ಉಸಿರು ಬಿಡಲು ಆಗಾಗ ಪುರುಸೊತ್ತೂ ಸಿಗುತ್ತದೆ. ರೈಡರ್ ಗೆರೆಯ ಕಡೆ ಕೈ ಚಾಚಿ ಬಿದ್ದಾಗ ‘ಬಿಡಬ್ಯಾಡ್ರಲೇ, ಕಾಲ ಹಿಡೀರಿ’ ಎಂದು ಒಂದು ಊರು ಕೂಗುತ್ತದೆ, ‘ಬಾರಲೇ, ಬಾ’ ಎಂದು ಇನ್ನೊಂದು ಊರು ಕರೆಯುತ್ತದೆ.

ಇದಕ್ಕೆ ನಮ್ಮ ಸೀಮೆಯ ಕಣ್ಣು ಮೊದಲೇ ಪಳಗಿದೆ. ದೀಪಾವಳಿ ಕಳೆದ ಮೇಲೆ ಹಾವೇರಿ ಜಿಲ್ಲೆಯ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಕೊಬ್ಬರಿ ಹಾರ ಕಟ್ಟಿಕೊಂಡ ಹೋರಿ ನೂರಾರು ಕೈಗಳ ನಡುವೆ ನುಗ್ಗಿ ಪಾರಾಗಬೇಕು, ಹುಡುಗರು ಅದನ್ನು ತಡೆದು ಕೊಬ್ಬರಿ ಹರಿಯಬೇಕು. ಹಿಡಿಯುವುದು, ಬಿಡಿಸಿಕೊಳ್ಳುವುದು, ಗೆರೆ ದಾಟುವುದು: ಹೋರಿ ನೋಡಿ ಬೆಳೆದವನಿಗೆ ಕಬಡ್ಡಿಯಲ್ಲಿ ಕಲಿಯಬೇಕಾದ್ದು ಕಡಿಮೆ.

ಟಿ.ವಿ.ಯವರಿಗೂ ಇದು ಅರ್ಥವಾಯಿತು. 2014ರ ಜುಲೈ 26ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಮೊದಲ ವರ್ಷವೇ 43.5 ಕೋಟಿ ಜನ ನೋಡಿದರು ಎಂಬ ಲೆಕ್ಕ ಬಂತು. ಮೂರನೇ ಬರಿಗೈ ರೈಡಿನಲ್ಲಿ ಅಂಕ ತರಲೇಬೇಕೆಂಬ ‘ಡು ಆರ್ ಡೈ’, ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದಾಗ ರೈಡರನ್ನು ಹಿಡಿದರೆ ಹೆಚ್ಚುವರಿ ಅಂಕ ಕೊಡುವ ‘ಸೂಪರ್ ಟ್ಯಾಕಲ್’, ಇವೆಲ್ಲ ನೋಡುಗ ಬೇಸರಪಡದಿರಲಿ ಎಂದು ಹೆಣೆದ ನಿಯಮಗಳು. ಚೆನ್ನಾಗಿಯೇ ಹೆಣೆದರು. 2019ರ ಜನವರಿ 5ರ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದು ಬೆಂಗಳೂರು ಬುಲ್ಸ್ ತಂಡಕ್ಕೆ ಗುಜರಾತಿನ ವಿರುದ್ಧ 38–33ರ ಗೆಲುವು ಕೊಡಿಸಿದ. ಆ ರಾತ್ರಿ ಕಬಡ್ಡಿ ನೋಡಿದವರು ಇವತ್ತಿಗೂ ಅದನ್ನು ಮಾತಾಡುತ್ತಾರೆ.

ಇನ್ನು ಆಡುವವನ ಕಡೆಯಿಂದ ನೋಡೋಣ. ಟಿ.ವಿ.ಯ ಕಬಡ್ಡಿ ಮ್ಯಾಟ್ ಮೇಲೆ ನಡೆಯುತ್ತದೆ. ನಮ್ಮ ಊರಿನದು ಬಹುಪಾಲು ಮಣ್ಣಿನ ಮೇಲೆ, ಬೇಸಿಗೆಯಲ್ಲಿ ಕಲ್ಲಿನಂತಾದ ನೆಲದ ಮೇಲೆ. ಅಲ್ಲಿ ಕಣಕಾಲು ಹಿಡಿದು ಎಳೆದರೆ ಮೊಣಕಾಲು ತಿರುಚುತ್ತದೆ. ಹಿಂದಿನಿಂದ ಸೊಂಟಕ್ಕೆ ಬಿದ್ದರೆ ಭುಜ ನೆಲಕ್ಕೆ ಬಡಿಯುತ್ತದೆ. ಮೊಣಕಾಲಿನ ಒಳಗಿನ ಕಟ್ಟು ಹರಿದರೆ ರೈತರ ಮನೆಯ ಹುಡುಗ ತಿಂಗಳುಗಟ್ಟಲೆ ಗದ್ದೆಗೆ ಇಳಿಯುವ ಹಾಗಿಲ್ಲ. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು. ಕಬಡ್ಡಿ ಮೈಕಟ್ಟು ನೋಡಿ ಆರಿಸುತ್ತದೆ. ಎಂಟನೇ ತರಗತಿಯಲ್ಲಿ ಮೈ ತುಂಬಿಕೊಂಡ ಏಳು ಹುಡುಗರು ತಂಡಕ್ಕೆ ಸೇರುತ್ತಾರೆ, ಉಳಿದ ಮೂವತ್ತು ಹುಡುಗರು ಗೆರೆಯ ಆಚೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ತಟ್ಟುವ ವಯಸ್ಸಲ್ಲ ಅದು.

ಖೋಖೋ ಆಡಿದವರಿಗೆ ಮಾತ್ರ ಗೊತ್ತಿರುವ ಒಂದು ವಿಷಯವಿದೆ: ಆ ಆಟದಲ್ಲಿ ಕೂತವರೂ ಆಡುತ್ತಿರುತ್ತಾರೆ. 27 ಮೀಟರ್ ಉದ್ದ, 16 ಮೀಟರ್ ಅಗಲದ ಬಯಲು, ಎರಡು ತುದಿಗೆ ಎರಡು ಕಂಬ. ನಡುವಿನ ಪಟ್ಟಿಯಲ್ಲಿ ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಎದುರಾಳಿಗಳು ಮೂವರಾಗಿ ಒಳಗೆ ಬಂದು, ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಿ ಓಡಬಹುದು. ಬೆನ್ನಟ್ಟುವವರಿಗೆ ಆ ಸ್ವಾತಂತ್ರ್ಯವಿಲ್ಲ. ನಡುಪಟ್ಟಿ ದಾಟುವಂತಿಲ್ಲ. ಒಮ್ಮೆ ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವಂತಿಲ್ಲ. ಓಡುವವಳು ಕೈಗೆ ಸಿಗುವಷ್ಟು ಹತ್ತಿರ, ಆದರೆ ಸಾಲಿನ ಆಚೆ ಇದ್ದರೆ, ಆ ಕಡೆ ಮುಖ ಮಾಡಿ ಕೂತ ಗೆಳತಿಯ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು, ಅವಳ ಜಾಗದಲ್ಲಿ ತಾನು ಕೂರಬೇಕು.

ಈ ಒಂದು ನಿಯಮದಿಂದ ಆಟದ ಸ್ವಭಾವವೇ ಬದಲಾಗುತ್ತದೆ. ಎಷ್ಟೇ ವೇಗದ ಓಟಗಾರ್ತಿಯಾದರೂ ಒಬ್ಬಳೇ ಯಾರನ್ನೂ ಹಿಡಿಯಲಾರಳು. ತಾನು ಮುಟ್ಟಬಹುದಾದ ಹೊತ್ತನ್ನು ಇನ್ನೊಬ್ಬಳಿಗೆ ಕೊಟ್ಟು ಕೂರುವುದನ್ನು ಕಲಿತವಳೇ ಒಳ್ಳೆಯ ಆಟಗಾರ್ತಿ. ಕೂತವಳು ಬೆನ್ನ ಹಿಂದಿನ ಹೆಜ್ಜೆಯ ಸಪ್ಪಳ ಕೇಳುತ್ತಾ, ಕಣ್ಣೆದುರಿನ ಓಟ ಅಳೆಯುತ್ತಾ, ಬೆರಳುಗಳನ್ನು ಮಣ್ಣಿಗೆ ಊರಿ ಸಿದ್ಧವಾಗಿರಬೇಕು. ಸಣಕಲಿ ಇಲ್ಲಿ ಅನಗತ್ಯಳಲ್ಲ, ನಿಜಕ್ಕೂ ಬೇಕಾದವಳು. ಗಿಡ್ಡ ಹುಡುಗ ಸಾಲಿನ ನಡುವೆ ಹೊರಳಿ ತಪ್ಪಿಸಿಕೊಳ್ಳುತ್ತಾನೆ, ಎತ್ತರದವನು ಕಂಬ ಹಿಡಿದು ಮೈ ಚಾಚಿ ಮುಟ್ಟುತ್ತಾನೆ. ಚೆಂಡು ಬೇಡ, ಬ್ಯಾಟು ಬೇಡ. ಎರಡು ಕಂಬ, ಒಂದಿಷ್ಟು ಸುಣ್ಣ. ಒಂಬತ್ತು ನಿಮಿಷದ ಒಂದು ಸರದಿ ಮುಗಿಯುವ ಹೊತ್ತಿಗೆ ಎರಡೂ ಕಡೆಯ ಎಲ್ಲರ ಮೈಯೂ ಬೆವೆತಿರುತ್ತದೆ.

ಆದರೆ ಇದನ್ನು ನೋಡುವುದು ಕಷ್ಟ, ಅದನ್ನು ಒಪ್ಪಲೇಬೇಕು. ಒಂದು ಕಂಬದ ಹತ್ತಿರ ನಿಂತರೆ ಇನ್ನೊಂದು ಕಂಬದ ಬಳಿ ಏನಾಯಿತೆಂದು ತಿಳಿಯದು. ಒಳ್ಳೆಯ ತಂಡ ಒಂದರ ಹಿಂದೆ ಒಂದು ‘ಖೋ’ ಕೊಡುವಾಗ ಯಾರು ಯಾರನ್ನು ಎಬ್ಬಿಸಿದರು ಎಂದು ಗುರುತಿಸುವುದರೊಳಗೆ ಓಟಗಾರ ಔಟಾಗಿರುತ್ತಾನೆ. 2022ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಅಲ್ಟಿಮೇಟ್ ಖೋಖೋ ಲೀಗ್ ಶುರು ಮಾಡಿದವರು ಇದನ್ನು ಸರಿಪಡಿಸಲು ಹೊರಟರು. ಸರದಿಯ ಹೊತ್ತು ಇಳಿಸಿದರು, ಆಟಗಾರರನ್ನು ಕಡಿಮೆ ಮಾಡಿದರು, ಹೆಚ್ಚು ಹೊತ್ತು ಸಿಗದೆ ಓಡಿದವರಿಗೆ ‘ಡ್ರೀಮ್ ರನ್’ ಎಂದು ಅಂಕ ಕೊಟ್ಟರು. ಅದೆಲ್ಲ ಸರಿಯೇ. ‘ವಜೀರ್’ ಎಂಬ ಒಬ್ಬ ಆಟಗಾರ ಯಾವ ದಿಕ್ಕಿಗೆ ಬೇಕಾದರೂ ಬೆನ್ನಟ್ಟಬಹುದು ಎಂದದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಿಂದೆ ತಿರುಗಬಾರದೆಂಬ ಕಟ್ಟಿನಿಂದಲೇ ಖೋಖೋ ಖೋಖೋ ಆಗಿದೆ. ಅದನ್ನು ಸಡಿಲಿಸಿದರೆ ಕ್ಯಾಮೆರಾಕ್ಕೆ ಅನುಕೂಲ, ಆಟಕ್ಕೆ ಪೆಟ್ಟು.

ಆಟದ ನಿಯಮಗಳ ಮೇಲೆ ಹೀಗೆ ಜಗಳವಾಗುವುದು ನಮ್ಮಲ್ಲಿ ಮಾತ್ರ ಅಲ್ಲ. ಇಂಗ್ಲೆಂಡಿನ ಶಾಲೆಗಳ ಬಯಲಲ್ಲಿ ಹುಟ್ಟಿದ ಚೆಂಡಾಟ 1863ರಲ್ಲಿ ಕವಲೊಡೆಯಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೂ ಎದುರಾಳಿಯ ಮೊಣಕಾಲ ಕೆಳಗೆ ಒದೆಯುವುದೂ ಬೇಡ ಎಂದವರು ಫುಟ್‌ಬಾಲ್ ಕಟ್ಟಿದರು. ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಒಪ್ಪದೆ ಹೊರನಡೆದರು, 1871ರಲ್ಲಿ ರಗ್ಬಿಗೆ ಅದರದೇ ಸಂಘವಾಯಿತು.    

ಮೈಗೆ ಮೈ ತಾಗಿಸುವುದರಲ್ಲಿ ಕಬಡ್ಡಿಯೇ ರಗ್ಬಿಗೆ ಹತ್ತಿರ ಎಂದು ಎಲ್ಲರೂ ಹೇಳುತ್ತಾರೆ. ನಾನು ಬೇರೆ ರೀತಿ ನೋಡುತ್ತೇನೆ. ರಗ್ಬಿಯಲ್ಲಿ ಮುಂದೆ ಹೋಗಬೇಕು, ಆದರೆ ಚೆಂಡನ್ನು ಕೈಯಿಂದ ಹಿಂದಕ್ಕಷ್ಟೇ ಎಸೆಯಬಹುದು. ಆ ಕಟ್ಟಿನಿಂದಾಗಿ ಹಿಂದೆ ಬರುವ ಜೊತೆಗಾರನಿಲ್ಲದೆ ಯಾರೂ ಗೆಲ್ಲಲಾರರು. ಖೋಖೋದ ದಿಕ್ಕಿನ ನಿಯಮ ಮಾಡುವ ಕೆಲಸವೂ ಇದೇ. ಎರಡೂ ಆಟಗಳು ಹೊರಗಿನವನಿಗೆ ಗೋಜಲು, ಒಳಗಿದ್ದವನಿಗೆ ಹಬ್ಬ. ಫುಟ್‌ಬಾಲ್ ಮತ್ತು ಕಬಡ್ಡಿ ಮಾತ್ರ ಗೋಲು ಬಿತ್ತು, ರೈಡರ್ ಸಿಕ್ಕಿದ ಎಂದು ಯಾರಿಗಾದರೂ ನಿಮಿಷದಲ್ಲಿ ಅರ್ಥವಾಗುತ್ತವೆ. ಫುಟ್‌ಬಾಲಿನ ವಿಶ್ವಕಪ್ 1930ರಲ್ಲೇ ಬಂತು, ರಗ್ಬಿಯದು 1987ರವರೆಗೆ ಕಾಯಬೇಕಾಯಿತು. ಒಲಿಂಪಿಕ್ಸ್‌ಗೆ 2016ರಲ್ಲಿ ರಗ್ಬಿ ಮರಳಿದ್ದೂ ಹದಿನೈದು ಜನರ ಪೂರ್ಣ ಆಟವಾಗಿ ಅಲ್ಲ, ಏಳು ಜನರ ಚುಟುಕು ಆಟವಾಗಿ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್ ಕೂಡ ಏಳು ಜನರದ್ದೇ, ಅದರಲ್ಲಿ ಬೆಂಗಳೂರಿನದೂ ಒಂದು ತಂಡ. ಆದರೂ ರಗ್ಬಿಯನ್ನು ಪ್ರೀತಿಸುವ ದೇಶಗಳ ಶಾಲೆಗಳು ಹದಿನೈದು ಜನರ ಆಟವನ್ನು ಬಿಟ್ಟಿಲ್ಲ. ಆ ಹಟ ನಮಗೂ ಬೇಕು.

ನಮ್ಮಲ್ಲಿ ಏನಾಗುತ್ತಿದೆ? 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ, ಪುರುಷರು 54–36ರಿಂದ ಸೋಲಿಸಿದರು. ಆ ತಂಡಗಳಲ್ಲಿ ಕರ್ನಾಟಕದ ಇಬ್ಬರಿದ್ದರು: ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್. ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳ ಲೆಕ್ಕದಲ್ಲಿ ಕೊಟ್ಟದ್ದನ್ನು ಎತ್ತಿ ತೋರಿಸಿ, ಇಬ್ಬರೂ ಆ ಹಣವನ್ನು ನಿರಾಕರಿಸಿದರು. ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. 2023ರ ಪ್ರೊ ಕಬಡ್ಡಿ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ ಸಿಕ್ಕ ಬೆಲೆ 2 ಕೋಟಿ 60.5 ಲಕ್ಷ ರೂಪಾಯಿ. ಅದು ಲೀಗಿನ ಹಣ, ನೋಡುವವರು ತಂದ ಹಣ. ಅದರ ಬಗ್ಗೆ ತಕರಾರಿಲ್ಲ. ಸರ್ಕಾರದ ಹಣಕ್ಕೂ ಟಿ.ವಿ. ನೋಡುವವರ ಲೆಕ್ಕವೇ ಅಳತೆಯಾಗಬೇಕೆ ಎಂಬುದು ನನ್ನ ಪ್ರಶ್ನೆ.

ಹಾನಗಲ್ಲಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಹುಡುಗಿಯರ ವಿಷಯ. ಶಾಲೆಯ ಕ್ರೀಡಾಕೂಟಗಳಲ್ಲಿ ವಲಯ, ತಾಲ್ಲೂಕು, ಜಿಲ್ಲೆ ಎಂದು ಹಂತ ಹಂತವಾಗಿ ಅವರು ಖೋಖೋ ಆಡುತ್ತಾರೆ. ಮಳೆಗಾಲದಲ್ಲಿ, ಕೆಸರಿನಲ್ಲಿ ಜಾರುತ್ತಾ, ಯೂನಿಫಾರ್ಮಿನ ಮೇಲೆಯೇ ಆಡುವವರನ್ನು ನೋಡಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವರಿಗೆ ಆಡಲು ಜಾಗವೇ ಇಲ್ಲ. ಊರಿನ ಪಂದ್ಯಾವಳಿ ಕಬಡ್ಡಿಯದು, ಗಂಡಸರದು, ರಾತ್ರಿಯದು. ಕಾರ್ಕಳದ ಕಡೆಯ ಮಮತಾ ಪೂಜಾರಿ ಏಷ್ಯನ್ ಗೇಮ್ಸ್‌ನಲ್ಲಿ 2010 ಮತ್ತು 2014ರಲ್ಲಿ ಕಬಡ್ಡಿಯ ಚಿನ್ನ ಗೆದ್ದ ತಂಡದಲ್ಲಿದ್ದವರು. ಅವರ ಹೆಸರು ನಮ್ಮ ಹುಡುಗಿಯರಿಗೆ ಗೊತ್ತು. ಆ ಹೆಸರಿನ ದಾರಿಯಲ್ಲಿ ಮೊದಲ ಹೆಜ್ಜೆ ಇಡಲು ಕೂಡ ಊರಲ್ಲಿ ಒಂದು ಪಂದ್ಯ ಬೇಕಲ್ಲ!

ಆದ್ದರಿಂದ ಪಂದ್ಯಾವಳಿ ನಡೆಸುವ ಯುವಕ ಮಂಡಳಗಳಿಗೆ ನೇರವಾಗಿ ಕೇಳುತ್ತೇನೆ. ರಾತ್ರಿಯ ಕಬಡ್ಡಿ ಇರಲಿ, ನಾನೂ ಬಂದು ಕೂಗುತ್ತೇನೆ. ಅದಕ್ಕೆ ಮುಂಚೆ, ಬೆಳಕಿರುವಾಗಲೇ, ಅದೇ ಬಯಲಲ್ಲಿ ಹೆಣ್ಣುಮಕ್ಕಳ ಖೋಖೋ ಇಡಿ: ಶಾಲೆಯವರದು ಒಂದು, ಶಾಲೆ ಬಿಟ್ಟವರದು ಒಂದು. ಬಹುಮಾನ ಅರ್ಧಕ್ಕರ್ಧ ಹಂಚಿ. ವಜೀರ್ ಬೇಡ, ಒಂಬತ್ತು ನಿಮಿಷದ ಹಳೆಯ ಆಟವೇ ಇರಲಿ. ನೋಡುವವರಿಗೆ ತಿಳಿಯುವಂತೆ ಮೈಕಿನಲ್ಲಿ ಆಡಿ ಗೊತ್ತಿರುವ ಒಬ್ಬ ಅಕ್ಕ ಮಾತಾಡಲಿ, ಯಾವ ‘ಖೋ’ ಏಕೆ ಕೊಟ್ಟರು ಎಂದು ಹೇಳಲಿ. ಪಂಚಾಯಿತಿಯವರು ಪ್ರತಿ ಶಾಲೆಯ ಬಯಲಲ್ಲಿ ಎರಡು ನುಣುಪಾದ ಕಂಬ ನೆಟ್ಟು, ನಡುವಿನ ಪಟ್ಟಿಯ ಕಲ್ಲು ಆರಿಸಿ, ಕೆಂಪು ಮಣ್ಣು ಹಾಕಿಸಿಕೊಡಲಿ. ಮುಂದಿನ ಕ್ರೀಡಾಕೂಟ ಮಳೆಯಲ್ಲೇ ಬರುತ್ತದೆ, ಈ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು.